ಯುರೋಪಿನ ಊರು ಸುತ್ತೋಕೆ ಬ್ಯಾಗಿಗೆ ಏನು ಹಾಕಬೇಕು, ಏನು ಬಿಡಬೇಕು

"ಏಪ್ರಿಲ್‌ನಲ್ಲಿ ಪ್ಯಾರಿಸ್ ಚಳಿ ಇರುತ್ತಾ?" ಟಿಕೆಟ್ ಬುಕ್ ಆದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಇರುತ್ತದೆ. ಇರುವುದೂ ಇಲ್ಲ. ಬೆಳಿಗ್ಗೆ 6 ಡಿಗ್ರಿ ಇದ್ದದ್ದು ಮಧ್ಯಾಹ್ನ 17-18ಕ್ಕೆ ಏರುತ್ತದೆ, ಪಾರ್ಕಿನಲ್ಲಿ ಬಿಸಿಲಿಗೆ ಕೂತವರು ಜಾಕೆಟ್ ಬಿಚ್ಚಿ ತೊಡೆ ಮೇಲೆ ಇಟ್ಟುಕೊಂಡಿರುತ್ತಾರೆ, ಸಂಜೆ ಸೇನ್ ನದಿಯ ಸೇತುವೆ ದಾಟುವಾಗ ಗಾಳಿ ಬೀಸಿದರೆ ಅದೇ ಜನ ಕತ್ತಿನವರೆಗೆ ಜಿಪ್ ಎಳೆದುಕೊಳ್ಳುತ್ತಾರೆ. ಹಾಗಾಗಿ ತಿಂಗಳ ಹೆಸರು ಹಿಡಿದುಕೊಂಡು ಬಟ್ಟೆ ಜೋಡಿಸಲು ಕೂತರೆ ಎರಡರಲ್ಲೊಂದು ಆಗುತ್ತದೆ. ಒಂದೋ ಇಡೀ ಬೀರು ಹೊತ್ತುಕೊಂಡು ಹೋಗುತ್ತೀರಿ, ಇಲ್ಲವೇ ಅಲ್ಲಿ ಹೋಗಿ ಯೂರೋ ಕೊಟ್ಟು ಸ್ವೆಟರ್ ಕೊಳ್ಳುತ್ತೀರಿ.

ನನ್ನ ಲೆಕ್ಕ ಇಷ್ಟೇ. ನಾಲ್ಕೈದು ದಿನದ ಸುತ್ತಾಟಕ್ಕೆ ಬೇಕಾದ ಬಟ್ಟೆಯ ಪಟ್ಟಿ ಎಲ್ಲಾ ಕಾಲಕ್ಕೂ ಹೆಚ್ಚುಕಮ್ಮಿ ಒಂದೇ. ಕಾಲ ನೋಡಿಕೊಂಡು ಅದಕ್ಕೆ ಒಂದೆರಡು ಸೇರುತ್ತವೆ, ಒಂದೆರಡು ಮನೆಯಲ್ಲೇ ಉಳಿಯುತ್ತವೆ. ಯಾಕೆ ಅಂತ ತಿಳಿದರೆ ಪಟ್ಟಿಯನ್ನು ನೀವೇ ಮಾಡಿಕೊಳ್ಳಬಹುದು.

ನಮ್ಮ ಊರಿನ ಚಳಿ ನೋಡಿ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿ ಬೆಳಿಗ್ಗೆ 15-16 ಡಿಗ್ರಿ. ಮನೆ ಒಳಗೂ ಥಂಡಿಯೇ, ಹೀಟರ್ ಯಾರ ಮನೆಯಲ್ಲಿದೆ? ಒಂದು ಸ್ವೆಟರ್ ಹಾಕಿದರೆ ಬಿಸಿಲು ಏರುವವರೆಗೆ ಅದು ಮೈಮೇಲೇ ಇರುತ್ತದೆ. ಯುರೋಪಿನ ಚಳಿಗಾಲದಲ್ಲಿ ಹೀಗೆ ನಡೆಯುವುದಿಲ್ಲ. ಜನವರಿಯ ಪ್ರಾಗ್‌ನಲ್ಲಿ ಹಗಲು ಹೊತ್ತು 2-3 ಡಿಗ್ರಿ, ರಾತ್ರಿ ಸೊನ್ನೆಗಿಂತ ಕೆಳಗೆ. ಆದರೆ ಟ್ರಾಮ್ ಹತ್ತಿದರೆ ಒಳಗೆ ಹೀಟರ್. ಮ್ಯೂಸಿಯಂ, ಹೋಟೆಲ್, ಕಾಫಿ ಅಂಗಡಿ ಎಲ್ಲ 20-22 ಡಿಗ್ರಿ. ಮತ್ತೆ ಹೊರಗೆ ಬಂದರೆ ಚಾರ್ಲ್ಸ್ ಸೇತುವೆ ಮೇಲೆ ನದಿ ಗಾಳಿ. ದಿನಕ್ಕೆ ಹತ್ತಾರು ಸಲ 20 ಡಿಗ್ರಿ ಹತ್ತಿ ಇಳಿಯುತ್ತೀರಿ. ಒಂದೇ ದಪ್ಪ ಸ್ವೆಟರ್ ಹಾಕಿದವರು ಒಳಗೆ ಬೆವರುತ್ತಾರೆ, ಆ ಬೆವರು ಹೊರಗೆ ಬಂದ ಕೂಡಲೇ ಐಸ್ ನೀರಿನಂತಾಗುತ್ತದೆ, ಆಮೇಲೆ ಎಷ್ಟು ಹೊದ್ದರೂ ಮೈ ಬೆಚ್ಚಗಾಗುವುದಿಲ್ಲ.

ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಬಿಸಿ ಹುಟ್ಟುವುದು ನಮ್ಮ ಮೈಯಲ್ಲಿ. ಅದು ಹೊರಗೆ ಓಡಿಹೋಗದಂತೆ ತಡೆಯುವುದು ಬಟ್ಟೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅದಕ್ಕೇ ರಾತ್ರಿ ಒಂದು ದಪ್ಪ ರಗ್ಗಿಗಿಂತ ಎರಡು ತೆಳು ಕಂಬಳಿ ಹೊದ್ದರೆ ಹೆಚ್ಚು ಬೆಚ್ಚಗಿರುವುದು. ಈ ಗಾಳಿಗೆ ಇಬ್ಬರು ಶತ್ರುಗಳು. ಒಂದು ಒದ್ದೆ, ಇನ್ನೊಂದು ಹೊರಗಿನ ಗಾಳಿ. ಹೊರಗೆ 3 ಡಿಗ್ರಿ ಇದ್ದು ಗಂಟೆಗೆ 30 ಕಿ.ಮೀ. ವೇಗದಲ್ಲಿ ಗಾಳಿ ಬೀಸುತ್ತಿದ್ದರೆ ಮೈಗೆ ಅನಿಸುವುದು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ. ಫೋನಿನ ಹವಾಮಾನ ಆ್ಯಪ್‌ನಲ್ಲಿ "ಅನಿಸುವ ತಾಪಮಾನ" ಅಂತ ಬೇರೆಯಾಗಿ ತೋರಿಸುತ್ತಾರಲ್ಲ, ಅದು ಇದೇ. ನೋಡಬೇಕಾದ್ದೂ ಅದನ್ನೇ.

ಆದ್ದರಿಂದ ಮೂರು ಪದರ. ಮೈಗೆ ಅಂಟಿದ ಮೊದಲ ಪದರದ ಕೆಲಸ ಬೆವರು ಹೀರಿ ಹೊರಗೆ ದಾಟಿಸುವುದು. ಇಲ್ಲಿ ನಮ್ಮ ಪ್ರೀತಿಯ ಕಾಟನ್ ಬನಿಯನ್ ಸೋಲುತ್ತದೆ, ಯಾಕೆಂದರೆ ಕಾಟನ್ ನೀರು ಹೀರಿಕೊಂಡು ಹಾಗೇ ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲಕ್ಕೆ ಪಾಲಿಯೆಸ್ಟರ್ ಅಥವಾ ಉಣ್ಣೆಯ ತೆಳು ಥರ್ಮಲ್ ಬೇಕು. ಮೆರಿನೋ ಉಣ್ಣೆ ಸಿಕ್ಕರೆ ಇನ್ನೂ ಒಳ್ಳೆಯದು, ಎರಡು ಮೂರು ದಿನ ಹಾಕಿದರೂ ಅಷ್ಟಾಗಿ ವಾಸನೆ ಬರುವುದಿಲ್ಲ, ಬೆಲೆ ಮಾತ್ರ ಜಾಸ್ತಿ. ಎರಡನೇ ಪದರ ಬಿಸಿ ಹಿಡಿಯುವುದಕ್ಕೆ. ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಸಿಂಥೆಟಿಕ್ ಬಟ್ಟೆಯ ಅಂಗಿ), ತೆಳು ಸ್ವೆಟರ್, ಅಥವಾ ಮಡಿಸಿದರೆ ನೀರಿನ ಬಾಟಲಿಯಷ್ಟಾಗುವ ಹಗುರ ಪಫರ್ ಜಾಕೆಟ್. ಪಫರ್ ಕೊಳ್ಳುವಾಗ ಒಳಗೆ ಹಕ್ಕಿ ಪುಕ್ಕ ಇದೆಯೋ ಸಿಂಥೆಟಿಕ್ ಹತ್ತಿ ಇದೆಯೋ ಕೇಳಿ. ಪುಕ್ಕ ತುಂಬ ಹಗುರ, ಆದರೆ ನೆನೆದರೆ ಗಂಟು ಕಟ್ಟಿಕೊಂಡು ಬಿಸಿ ಹಿಡಿಯುವುದನ್ನೇ ಬಿಟ್ಟುಬಿಡುತ್ತದೆ. ಮೂರನೆಯದು ಗಾಳಿ, ಮಳೆ ತಡೆಯುವ ಹೊರ ಪದರ. ನಾವು ವಿಂಡ್‌ಚೀಟರ್ ಅಂತೀವಲ್ಲ, ಅದರದೇ ಮಳೆ ತಡೆಯುವ ರೂಪ, ತಲೆಗೆ ಟೊಪ್ಪಿಗೆ ಇರುವಂಥದ್ದು.

ಈ ಮೂರೂ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಂಗಡಿಗಳಲ್ಲೇ ಸಿಗುತ್ತವೆ. ಆಟದ ಸಾಮಾನು ಮಾರುವ ಡೆಕಾಥ್ಲಾನ್‌ಗೆ ಹೋದರೆ ಬೆಟ್ಟ ಹತ್ತುವವರ ವಿಭಾಗದಲ್ಲಿ ಹುಡುಕಿ. ಇಲ್ಲವೇ ನೆಂಟರಲ್ಲಿ ಕೇಳಿ. ಅಮೆರಿಕದಿಂದ ವಾಪಸ್ ಬಂದವರೊಬ್ಬರು ಎಲ್ಲರ ಬಳಗದಲ್ಲೂ ಇರುತ್ತಾರೆ, ಅವರ ಅಟ್ಟದ ಮೇಲೆ ಒಂದು ಒಳ್ಳೆಯ ಜಾಕೆಟ್ ಸುಮ್ನೆ ಕೂತಿರುತ್ತದೆ.

ಇನ್ನು ಕಾಲದ ಲೆಕ್ಕ. ಈ ಮೂರು ಪದರ ಇಟ್ಟುಕೊಂಡರೆ ಅದು ಬರೀ ಕೂಡುವುದು ಕಳೆಯುವುದು. ಬೇಸಿಗೆಯಲ್ಲಿ ಥರ್ಮಲ್ ಬೇಡ, ಪಫರ್ ಬೇಡ, ಕಾಟನ್ ಅಂಗಿ ಧಾರಾಳವಾಗಿ ಹಾಕಿ. ಆದರೆ ಹೊರ ಪದರ ಬಿಡಬೇಡಿ, ಒಂದು ತೆಳು ಸ್ವೆಟರೂ ಇರಲಿ. ಜುಲೈನಲ್ಲೂ ಎಡಿನ್‌ಬರೋದಲ್ಲಿ ಹಗಲಿನ ಸರಾಸರಿ 19-20 ಡಿಗ್ರಿ ಅಷ್ಟೇ, ಆಮ್‌ಸ್ಟರ್‌ಡಾಮ್‌ನಲ್ಲಿ 22ರ ಆಸುಪಾಸು. ಅದೇ ಜುಲೈನಲ್ಲಿ ರೋಮ್ 31-32, ಸ್ಪೇನಿನ ಸೆವಿಲ್ಯ 36. "ಯುರೋಪ್ ಅಲ್ವಾ, ತಂಪಾಗಿರುತ್ತೆ" ಅಂತ ಹೋದರೆ ಸೆವಿಲ್ಯದಲ್ಲಿ ರಾಯಚೂರು ನೆನಪಾಗುತ್ತದೆ. ಪ್ಯಾರಿಸ್ಸಿನಲ್ಲಿ 2019ರ ಜುಲೈನಲ್ಲಿ 42.6 ಡಿಗ್ರಿ ದಾಖಲಾಗಿದೆ. 2022ರ ಜುಲೈನಲ್ಲಿ ಇಂಗ್ಲೆಂಡ್ ಮೊದಲ ಸಲ 40 ದಾಟಿತು. ಅಲ್ಲಿನ ಹಳೆಯ ಕಟ್ಟಡಗಳೆಲ್ಲ ಬಿಸಿಯನ್ನು ಒಳಗೆ ಹಿಡಿದಿಡಲು ಕಟ್ಟಿದವು. ಸಣ್ಣ ಹೋಟೆಲುಗಳಲ್ಲಿ ಎಸಿ ಇರಲೇಬೇಕು ಅಂತಿಲ್ಲ, ಫ್ಯಾನ್ ಕೂಡ ಕೇಳಿ ತರಿಸಿಕೊಳ್ಳಬೇಕು. ರಾತ್ರಿ ಮಲಗಲು ತೆಳು ಕಾಟನ್ ಬಟ್ಟೆ ಒಯ್ಯುವುದು ಇದಕ್ಕೇ.

ಚಳಿಗಾಲವೂ ಎಲ್ಲ ಕಡೆ ಒಂದೇ ಅಲ್ಲ. ಲಿಸ್ಬನ್‌ನಲ್ಲಿ ಜನವರಿ ಮಧ್ಯಾಹ್ನ 15 ಡಿಗ್ರಿ. ಅಂದರೆ ಅಲ್ಲಿನ ಜನವರಿ ಮಧ್ಯಾಹ್ನ ನಮ್ಮ ಬೆಂಗಳೂರಿನ ಜನವರಿ ಬೆಳಗಿನ ಜಾವಕ್ಕೆ ಸಮ. ಅದಕ್ಕೆ ಯಾರೂ ಮಂಜಿನ ಬೂಟು ಕೊಳ್ಳಬೇಕಾಗಿಲ್ಲ. ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್, ಬರ್ಲಿನ್ ಕಡೆ ಡಿಸೆಂಬರಿನಲ್ಲಿ ಹೊರಟರೆ ಮೂರೂ ಪದರ ಪೂರ್ತಿ ಬೇಕು. ಜೊತೆಗೆ ಕಿವಿ ಮುಚ್ಚುವ ಟೋಪಿ, ಗ್ಲೌಸ್, ಕತ್ತಿಗೆ ಸುತ್ತಿಕೊಳ್ಳಲು ಏನಾದರೂ, ಉಣ್ಣೆಯ ಸಾಕ್ಸ್. ಮಂಕಿ ಕ್ಯಾಪ್ ಬಗ್ಗೆ ನಗುವವರು ನಗಲಿ, ಕಿವಿ, ಕತ್ತು ಎರಡನ್ನೂ ಅದೊಂದೇ ನೋಡಿಕೊಳ್ಳುತ್ತದೆ. ಕ್ರಿಸ್‌ಮಸ್ ಮಾರುಕಟ್ಟೆಗಳಲ್ಲಿ ಜನ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು, ಕೈಯಲ್ಲಿ ಬಿಸಿ ವೈನೋ ಚಾಕಲೇಟೋ ಹಿಡಿದು ಗಂಟೆಗಟ್ಟಲೆ. ನಿಂತಾಗ ಚಳಿ ಹತ್ತುವುದು ಪಾದದಿಂದ. ಎರಡು ಸಾಕ್ಸ್ ತೂರಿಸಿ ಶೂ ಬಿಗಿಯಾದರೆ ರಕ್ತ ಸರಿಯಾಗಿ ಓಡದೆ ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ದಪ್ಪ ಸಾಕ್ಸ್, ಅದಕ್ಕೆ ಜಾಗ ಇರುವ ಶೂ, ಅಷ್ಟು ಸಾಕು.

ಅಮ್ಮ, ಅತ್ತೆಯಂಥ ಹಿರಿಯರು ಜೊತೆಗಿದ್ದು ಸೀರೆಯೇ ಉಡುತ್ತಾರೆ ಅಂದರೂ ತೊಂದರೆಯಿಲ್ಲ. ಲಂಗದ ಒಳಗೆ ಥರ್ಮಲ್ ಲೆಗ್ಗಿಂಗ್ಸ್, ರವಿಕೆ ಮೇಲೆ ಉದ್ದ ತೋಳಿನ ಫ್ಲೀಸ್, ಕಾಲಿಗೆ ಸಾಕ್ಸ್ ಮತ್ತು ಶೂ. ನೆರಿಗೆಯನ್ನು ಮಾತ್ರ ಒಂದು ಇಂಚು ಮೇಲೆ ಉಟ್ಟುಕೊಳ್ಳಲಿ. ಮೆಟ್ರೋದ ಎಸ್ಕಲೇಟರು, ಒದ್ದೆ ನೆಲ ಎರಡಕ್ಕೂ ಅದು ಒಳ್ಳೆಯದು.

ಹಗಲಿನ ಉದ್ದವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮಲ್ಲಿ ವರ್ಷಪೂರ್ತಿ ಸಂಜೆ ಆರರಿಂದ ಏಳರೊಳಗೆ ಕತ್ತಲು. ಸ್ಟಾಕ್‌ಹೋಮ್‌ನಲ್ಲಿ ಡಿಸೆಂಬರ್ ಮಧ್ಯದಲ್ಲಿ ಹಗಲು ಆರೇ ಗಂಟೆ, ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗಿರುತ್ತದೆ. ಲಂಡನ್ನಿನಲ್ಲಿ ನಾಲ್ಕಕ್ಕೆ. ಹಾಗಾಗಿ "ಸಂಜೆಗೆ ಸ್ವೆಟರ್" ಅನ್ನುವ ನಮ್ಮ ಲೆಕ್ಕ ಅಲ್ಲಿ ಊಟವಾದ ಕೂಡಲೇ ಶುರು. ಜೂನ್ ತಿಂಗಳಲ್ಲಿ ಇದು ಉಲ್ಟಾ. ಪ್ಯಾರಿಸ್ಸಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ತಂಪು ಕನ್ನಡಕ, ಸನ್‌ಸ್ಕ್ರೀನ್ ಸಂಜೆ ಏಳಕ್ಕೂ ಬೇಕಾಗಬಹುದು, ಕಿಟಕಿಗೆ ದಪ್ಪ ಪರದೆ ಇಲ್ಲದ ಕೋಣೆಯಾದರೆ ಕಣ್ಣುಪಟ್ಟಿಯೂ ಬೇಕು.

ಮಳೆಯ ಬಗ್ಗೆ ನಮ್ಮ ಕರಾವಳಿ, ಮಲೆನಾಡಿನವರಿಗೆ ಹೇಳುವುದು ಸ್ವಲ್ಪ ಕಷ್ಟ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಬೆಂಗಳೂರಿನಲ್ಲೇ 900 ದಾಟುತ್ತದೆ, ಮಂಗಳೂರಿನಲ್ಲಿ 3000ಕ್ಕೂ ಮೇಲೆ. ಹಾಗಾದರೆ ಲಂಡನ್ ಮಳೆಗೆ ಅಷ್ಟೊಂದು ಹೆಸರು ಯಾಕೆ? ಇದ್ದ ಸ್ವಲ್ಪ ಮಳೆಯನ್ನೇ ಅದು ವರ್ಷವಿಡೀ ಹಂಚಿಕೊಂಡು ಸುರಿಯುತ್ತದೆ. ಹತ್ತು ನಿಮಿಷ ಜಿನುಗಿ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟು ಮತ್ತೆ ಶುರು. ಆಮ್‌ಸ್ಟರ್‌ಡಾಮ್, ಡಬ್ಲಿನ್, ಎಡಿನ್‌ಬರೋ ಕಡೆ ಈ ಜಿನುಗು ಗಾಳಿ ಜೊತೆಗೆ ಅಡ್ಡಡ್ಡ ಬರುತ್ತದೆ. ಅಲ್ಲಿ ಕೊಡೆ ತಿರುವಿಕೊಂಡು ಮುರಿಯುವುದು ಮಾಮೂಲು, ಟೊಪ್ಪಿಗೆಯಿರುವ ಜಾಕೆಟ್ಟೇ ಗತಿ. ರೋಮ್, ಮಿಲಾನ್ ಕಡೆಗೆ ಸಣ್ಣ ಮಡಚುವ ಕೊಡೆ ಸಾಕು. ಅಂದ ಹಾಗೆ, ರೋಮ್‌ನಲ್ಲಿ ಜಾಸ್ತಿ ಮಳೆ ಬರುವುದು ಅಕ್ಟೋಬರ್, ನವೆಂಬರಿನಲ್ಲಿ. ದಸರಾ ರಜೆಗೆ ಹೋಗುವವರು ನೆನಪಿಡಿ.

ಈಗ ಶೂ. ಇಡೀ ಬ್ಯಾಗಿನಲ್ಲಿ ದುಡ್ಡು ಖರ್ಚು ಮಾಡಲೇಬೇಕಾದ ವಸ್ತು ಯಾವುದು ಅಂತ ಕೇಳಿದರೆ ನಾನು ಇದನ್ನೇ ಹೇಳುವುದು, ಜಾಕೆಟ್ ಅಲ್ಲ. ಊರು ನೋಡುವುದು ಅಂದರೆ ಅಲ್ಲಿ ನಡೆಯುವುದು. ದಿನಕ್ಕೆ 12-15 ಕಿ.ಮೀ. ಗೊತ್ತೇ ಆಗದ ಹಾಗೆ ಆಗಿಬಿಡುತ್ತದೆ. ಅದೂ ಡಾಂಬರಿನ ಮೇಲಲ್ಲ, ಕಲ್ಲಿನ ಮೇಲೆ. ರೋಮ್‌ನ ಹಳೇ ಬೀದಿಗಳಿಗೆ ಹಾಸಿರುವುದು ಸ್ಯಾಂಪಿಯೆಟ್ರಿನಿ ಅನ್ನುವ ಕಪ್ಪು ಜ್ವಾಲಾಮುಖಿ ಕಲ್ಲಿನ ತುಂಡುಗಳು. ಒಂದೊಂದೂ ಒಂದೊಂದು ಎತ್ತರಕ್ಕೆ ಕೂತಿರುತ್ತವೆ. ಲಿಸ್ಬನ್ನಿನ ಫುಟ್‌ಪಾತ್‌ಗಳಿಗೆ ಬಿಳಿ ಸುಣ್ಣಕಲ್ಲಿನ ಸಣ್ಣ ಚೂರು. ತುಳಿದು ತುಳಿದು ನುಣ್ಣಗಾಗಿವೆ, ಊರು ಬೇರೆ ಗುಡ್ಡದ ಮೇಲೆ, ಒಂದು ಹನಿ ಮಳೆ ಬಿದ್ದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ತಳ ಸಪಾಟಾದ ಫ್ಯಾಷನ್ ಶೂ, ಹೀಲ್ಸ್, ಹೊಸ ಚರ್ಮದ ಶೂ ಇವೆಲ್ಲ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅಡಿಯಲ್ಲಿ ರಬ್ಬರಿನ ಒಳ್ಳೆಯ ಹಿಡಿತ ಇರಬೇಕು, ಹಿಮ್ಮಡಿ ಕದಲಬಾರದು, ಹೊರಡುವ ಮುಂಚೆ ಎರಡು ಮೂರು ವಾರ ಹಾಕಿಕೊಂಡು ನಡೆದಿರಬೇಕು.

ಎರಡು ಜೊತೆ ಸಾಕು. ಒಂದು ಕಾಲಲ್ಲಿ, ಒಂದು ಬ್ಯಾಗಿನಲ್ಲಿ. ದಪ್ಪನೆಯದು ಯಾವಾಗಲೂ ಕಾಲಲ್ಲೇ ಇರಲಿ. ಚಳಿಗಾಲಕ್ಕೆ ಹೊರಟರೆ ಒಂದು ಜೊತೆಯಾದರೂ ನೀರು ಒಳಗೆ ಬಿಡದಂಥದ್ದು ಬೇಕು, ಯಾಕೆಂದರೆ ಮಂಜು ಕರಗಿಸಲು ಕೆಲವು ಊರುಗಳಲ್ಲಿ ರಸ್ತೆಗೆ ಉಪ್ಪು ಎರಚುತ್ತಾರೆ, ಆ ಉಪ್ಪು ನೀರಿನ ಕೆಸರು ಬಟ್ಟೆಯ ಶೂ ಒಳಗೆ ಇಳಿದರೆ ಅವತ್ತಿನ ದಿನ ಮುಗಿಯಿತು. ಬೇಸಿಗೆಯಲ್ಲಿ ಇದು ಬೇಡ, ಗಾಳಿಯಾಡುವ ಶೂ ಮೇಲು. ಇವೆರಡರ ಜೊತೆ ಹವಾಯಿ ಚಪ್ಪಲಿ. ಸಾಮಾನ್ಯ ಹೋಟೆಲುಗಳಲ್ಲಿ ಕೋಣೆಯೊಳಗೆ ಹಾಕಲು ಚಪ್ಪಲಿ ಇಟ್ಟಿರುವುದಿಲ್ಲ. ನಮಗೆ ಬಚ್ಚಲಿಗೆ ಶೂ ಹಾಕಿ ಹೋಗಿ ಅಭ್ಯಾಸವೂ ಇಲ್ಲ.

ಬಟ್ಟೆಯ ಎಣಿಕೆಗೆ ಬರೋಣ. ಐದು ದಿನಕ್ಕೆ ಪ್ಯಾಂಟ್ ಎರಡು, ಮೈಮೇಲೆ ಇರುವುದೂ ಸೇರಿ. ಅಂಗಿ, ಟಾಪ್ ಅಥವಾ ಕುರ್ತಾ ನಾಲ್ಕು. ಒಳಉಡುಪು, ಸಾಕ್ಸ್ ಐದೈದು. ಮಲಗಲು ಒಂದು ಜೊತೆ. ಚಳಿಯಾದರೆ ಥರ್ಮಲ್ ಎರಡು ಸೆಟ್. ಸ್ವೆಟರ್ ಒಂದು, ಜಾಕೆಟ್ ಒಂದು. ಹತ್ತು ದಿನ ಇದ್ದರೂ ಇದೇ ಪಟ್ಟಿ, ಮಧ್ಯೆ ಒಮ್ಮೆ ಒಗೆದುಕೊಂಡರಾಯಿತು. ಸೋಪಿನ ಪುಡಿಯ ಎರಡು ಸಣ್ಣ ಪ್ಯಾಕೆಟ್, ಮೂರು ಮೀಟರ್ ತೆಳು ಹಗ್ಗ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಕೋಣೆಯ ಹೀಟರ್ ಹತ್ತಿರ ನೇತುಹಾಕಿದರೆ ಥರ್ಮಲ್ ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತದೆ. ಜೀನ್ಸ್ ಮಾತ್ರ ಒಣಗುವುದಿಲ್ಲ. ಅದು ತೂಕ, ಜಾಗ, ಒಣಗುವ ಸಮಯ ಮೂರರಲ್ಲೂ ದುಬಾರಿ. ಬಿಡಲಾರೆ ಅನ್ನುವವರು ಒಂದನ್ನು ಹಾಕಿಕೊಂಡೇ ವಿಮಾನ ಹತ್ತಿ. ಟವೆಲ್ಲಿಗೆ ನಮ್ಮ ತೆಳು ಬೈರಾಸು ಬೆಸ್ಟ್, ಬೇಗ ಒಣಗುತ್ತದೆ, ಮಡಿಸಿದರೆ ಕರವಸ್ತ್ರದಷ್ಟು. ಹಾಸ್ಟೆಲುಗಳಲ್ಲಿ ಟವೆಲ್ಲಿಗೆ ಬೇರೆ ದುಡ್ಡು ಕೇಳುವುದುಂಟು.

"ಫೋಟೋದಲ್ಲಿ ದಿನವೂ ಅದೇ ಜಾಕೆಟ್ ಕಾಣುತ್ತಲ್ಲ?" ಕಾಣುತ್ತದೆ. ಕತ್ತಿನ ಸ್ಕಾರ್ಫ್ ಬದಲಿಸಿ. ಎರಡು ದುಪಟ್ಟಾ ಒಂದು ಸ್ವೆಟರಿಗಿಂತ ಕಡಿಮೆ ಜಾಗ ತೆಗೆದುಕೊಳ್ಳುತ್ತವೆ.

ದುಪಟ್ಟಾ ಅಥವಾ ಶಾಲಿಗೆ ಇನ್ನೊಂದು ಕೆಲಸವೂ ಇದೆ. ವ್ಯಾಟಿಕನ್ನಿನ ಸೇಂಟ್ ಪೀಟರ್ಸ್ ಚರ್ಚಿಗೆ ಭುಜ, ಮೊಣಕಾಲು ಮುಚ್ಚದೆ ಬಂದರೆ ಒಳಗೆ ಬಿಡುವುದಿಲ್ಲ, ಗಂಡಸರ ಚಡ್ಡಿಗೂ ಇದೇ ನಿಯಮ. ವೆನಿಸ್ಸಿನ ಸೇಂಟ್ ಮಾರ್ಕ್ಸ್‌ನಲ್ಲೂ ಹೀಗೇ. ಬಿಸಿಲಿನಲ್ಲಿ ತಾಸುಗಟ್ಟಲೆ ಕ್ಯೂ ನಿಂತು ಬಾಗಿಲಲ್ಲಿ ವಾಪಸ್ ಆಗುವುದಕ್ಕಿಂತ ಚೀಲದಲ್ಲಿ ಒಂದು ಶಾಲು ಇರುವುದು ವಾಸಿ.

ಬ್ಯಾಗಿನ ಅಳತೆ ವಿಚಾರದಲ್ಲಿ ಒಂದು ಬಲೆ ಇದೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೋ ಪ್ಯಾರಿಸ್ಸಿಗೋ ಹೋಗುವ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ 23 ಕೆ.ಜಿ. ಸೂಟ್‌ಕೇಸ್ ಒಯ್ಯಲು ಬಿಡುತ್ತಾರೆ. ಅಲ್ಲಿಂದ ಪ್ರಾಗ್‌ಗೋ ಲಿಸ್ಬನ್ನಿಗೋ ಅಂತ ಅಗ್ಗದ ವಿಮಾನ ಬುಕ್ ಮಾಡಿರುತ್ತೀರಿ. ರಯಾನ್‌ಏರ್, ವಿಜ್‌ಏರ್‌ಗಳಲ್ಲಿ ಪುಕ್ಕಟೆಯಾಗಿ ಬರುವುದು ಸೀಟಿನ ಕೆಳಗೆ ತೂರುವ 40×30×20 ಸೆಂ.ಮೀ. ಚೀಲ ಒಂದೇ, ಈಸಿಜೆಟ್‌ನಲ್ಲಿ 45×36×20. ಮೇಲಿನ ಗೂಡಿನಲ್ಲಿ ಇಡುವ ಟ್ರಾಲಿಗೂ ಬೇರೆ ದುಡ್ಡು. ಮೊದಲೇ ಕಟ್ಟಿದರೆ ಕಡಿಮೆ, ಗೇಟಿನಲ್ಲಿ ಸಿಕ್ಕಿಬಿದ್ದರೆ ಟಿಕೆಟ್ಟಿಗಿಂತ ಜಾಸ್ತಿ ಆಗಬಹುದು. ಈ ಅಳತೆಗಳು ಆಗಾಗ ಬದಲಾಗುತ್ತವೆ, ಬುಕ್ ಮಾಡುವ ದಿನ ಆಯಾ ಕಂಪನಿಯ ಸೈಟಿನಲ್ಲಿ ನೋಡಿಕೊಳ್ಳಿ. ಲೆಕ್ಕ ಹಾಕಬೇಕಾದ್ದು ದಾರಿಯಲ್ಲಿ ಬರುವ ಅತಿ ಚಿಕ್ಕ ಅಳತೆಗೆ. ಲಂಡನ್, ಮ್ಯೂನಿಕ್ ಕಡೆ ಇರುವ ನಮ್ಮ ಹುಡುಗರು ಶುಕ್ರವಾರ ಆಫೀಸಿನಿಂದಲೇ ಒಂದು ಬೆನ್ನುಚೀಲ ಹಾಕಿಕೊಂಡು ಹೊರಟುಬಿಡುತ್ತಾರಲ್ಲ, ಅವರು ಕಲಿತಿರುವುದು ಇದನ್ನೇ.

ವಿಮಾನದಿಂದ ಇಳಿದ ಮೇಲೂ ಬ್ಯಾಗ್ ನಿಮ್ಮದೇ. ಸ್ಟೇಷನ್ನಿನಲ್ಲಿ ಕೂಲಿಯವರು ಸಿಗುವುದಿಲ್ಲ. ಪ್ಯಾರಿಸ್ ಮೆಟ್ರೋದ ಬಹುಪಾಲು ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಆಮ್‌ಸ್ಟರ್‌ಡಾಮ್‌ನ ಹಳೆಯ ಮನೆಗಳ ಮೆಟ್ಟಿಲು ಅಟ್ಟಕ್ಕೆ ಹತ್ತುವ ಏಣಿಯಷ್ಟು ಕಡಿದು. ವೆನಿಸ್‌ನಲ್ಲಿ 400ಕ್ಕೂ ಹೆಚ್ಚು ಸೇತುವೆಗಳು, ಬಹುತೇಕ ಎಲ್ಲಕ್ಕೂ ಮೆಟ್ಟಿಲು, ಹೋಟೆಲ್ ಬಾಗಿಲಿಗೆ ಟ್ಯಾಕ್ಸಿ ಬರುವ ಮಾತೇ ಇಲ್ಲ. ಕಲ್ಲು ಹಾಸಿನ ಮೇಲೆ ಸಣ್ಣ ಚಕ್ರದ ಟ್ರಾಲಿ ಎಳೆದರೆ ಸದ್ದಿಗೆ ಬೀದಿಯೆಲ್ಲ ತಿರುಗಿ ನೋಡುತ್ತದೆ, ಚಕ್ರವೂ ಉಳಿಯುವುದಿಲ್ಲ. ಬೆನ್ನಿಗೆ ಹಾಕುವ ಬ್ಯಾಗ್ ಆದರೆ 7-8 ಕೆ.ಜಿ. ಒಳಗೆ. ಬೆನ್ನು ನೋವಿನವರಿಗೆ ದೊಡ್ಡ ಚಕ್ರದ ಸಣ್ಣ ಟ್ರಾಲಿ. ಊರು ಸುತ್ತಲು ಬೇರೆ ಸಣ್ಣ ಚೀಲ ಇರಲಿ, ಜಿಪ್ ಇರುವಂಥದ್ದು, ಅಡ್ಡ ಹಾಕಿಕೊಂಡು ಮುಂದಕ್ಕೆ ಬರುವಂಥದ್ದು. ಬಾರ್ಸಿಲೋನಾ, ರೋಮ್, ಪ್ಯಾರಿಸ್ಸಿನ ಮೆಟ್ರೋಗಳಲ್ಲಿ ಜೇಬುಗಳ್ಳರು ಜಾಸ್ತಿ, ಬೆನ್ನ ಹಿಂದಿನ ಚೀಲ ಅವರಿಗೆ ತೆರೆದ ಬೀರು. ಮ್ಯೂಸಿಯಂಗಳಿಗೂ ದೊಡ್ಡ ಬ್ಯಾಗ್ ಒಯ್ಯುವಂತಿಲ್ಲ. ಲೂವ್ರ್‌ನಲ್ಲಿ 55×35×20 ಸೆಂ.ಮೀ. ಮೀರಿದ್ದನ್ನು ಬಿಡುವುದಿಲ್ಲ. ಕೋಣೆ ಬಿಟ್ಟ ದಿನ ಲಗೇಜನ್ನು ಹೋಟೆಲಿನಲ್ಲೋ ಸ್ಟೇಷನ್ ಲಾಕರಿನಲ್ಲೋ ಇಟ್ಟು ಹೊರಡಬೇಕು.

ಕೈಚೀಲದಲ್ಲಿ ದ್ರವ ಪದಾರ್ಥ ಒಯ್ಯುವ ನಿಯಮ ಗೊತ್ತೇ ಇದೆ. ಒಂದೊಂದು ಡಬ್ಬಿ 100 ಮಿ.ಲೀ. ಒಳಗೆ, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. ಕೆಲವು ಏರ್‌ಪೋರ್ಟ್‌ಗಳಲ್ಲಿ ಹೊಸ ಸ್ಕ್ಯಾನರ್ ಬಂದು ಇದು ಸಡಿಲವಾಗಿದೆ, ಆದರೆ ವಾಪಸ್ ಬರುವ ಊರಿನಲ್ಲೂ ಹಾಗೇ ಇರುತ್ತದೆ ಅಂತಿಲ್ಲ, 100 ಅಂತಲೇ ಇಟ್ಟುಕೊಳ್ಳಿ. ಟೂತ್‌ಪೇಸ್ಟ್, ಕ್ರೀಮು, ಪುಳಿಯೋಗರೆ ಗೊಜ್ಜು ಎಲ್ಲವೂ ಇವರ ಲೆಕ್ಕದಲ್ಲಿ ದ್ರವವೇ. ಕೊಬ್ಬರಿ ಎಣ್ಣೆಯದು ತಮಾಷೆ. ಅದು ಸುಮಾರು 24 ಡಿಗ್ರಿಗೆ ಗಟ್ಟಿಯಾಗುತ್ತದೆ, ಅಂದರೆ ಯುರೋಪಿನಲ್ಲಿ ವರ್ಷದ ಬಹುಪಾಲು ಗಟ್ಟಿಯೇ. ಕಿರಿದಾದ ಬಾಯಿಯ ಬಾಟಲಿಯಲ್ಲಿ ಒಯ್ದರೆ ಒಂದು ಹನಿ ಹೊರಗೆ ಬರುವುದಿಲ್ಲ, ಅಗಲ ಬಾಯಿಯ ಪುಟ್ಟ ಡಬ್ಬಿಗೆ ಹಾಕಿ. ಹೀಟರ್ ಗಾಳಿಗೆ ತುಟಿ, ಹಿಮ್ಮಡಿ ಒಡೆದಾಗ ಬೇರೆ ಕ್ರೀಮ್ ಬೇಕಾಗುವುದಿಲ್ಲ.

ಎಣ್ಣೆ ಸರಿ, ಒಣ ಕೊಬ್ಬರಿ ಗಿಟುಕು ಬೇಡ. ಎಣ್ಣೆಯಂಶ ಜಾಸ್ತಿ ಇರುವ ಅದು ಬೆಂಕಿಗೆ ಸುಲಭ ತುತ್ತು ಅಂತ 2022ರಿಂದ ಭಾರತದಲ್ಲಿ ಚೆಕ್ ಇನ್ ಲಗೇಜಿನಲ್ಲಿ ನಿಷೇಧ. ತಿಪಟೂರಿನವರಿಗೆ ಬೇಜಾರಾಗುವ ವಿಷಯ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್ ಅವರ್ ಒಳಗೆ. 20000 ಎಂಎಎಚ್‌ನದು ಸುಮಾರು 74 ಆಗುತ್ತದೆ, ತೊಂದರೆಯಿಲ್ಲ.

ತಿಂಡಿ ಇಲ್ಲದೆ ನಮ್ಮವರು ಹೊರಡುವುದಿಲ್ಲ, ಸಸ್ಯಾಹಾರಿಗಳಿಗಂತೂ ಅದೊಂದು ಧೈರ್ಯ. ಆದರೆ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಮಾಂಸ, ಹಾಲು ಮತ್ತು ಅವುಗಳ ಪದಾರ್ಥ ತರುವಂತಿಲ್ಲ. ತುಪ್ಪ ಇದರಲ್ಲಿ ಸೇರುತ್ತದೆ. ಧಾರವಾಡ ಪೇಡ, ಬೆಳಗಾವಿ ಕುಂದಾವನ್ನೂ ಮನೆಯಲ್ಲೇ ತಿಂದು ಹೊರಡಿ. ಹಸಿ ತರಕಾರಿ, ಹಣ್ಣು, ಸೊಪ್ಪಿಗೆ ಪ್ರಮಾಣಪತ್ರ ಕೇಳುತ್ತಾರೆ, ಕರಿಬೇವಿನ ಕಂತೆಗೂ ಕೂಡ. ಚಕ್ಕುಲಿ, ನಿಪ್ಪಟ್ಟು, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ ಒಯ್ಯಬಹುದು. ಅವಲಕ್ಕಿಯಂಥ ಪ್ರಯಾಣದ ಊಟ ಇನ್ನೊಂದಿಲ್ಲ, ಬಿಸಿನೀರು ಇದ್ದರೆ ಸಾಕು. ಆದರೆ ಹೋಟೆಲ್ ಕೋಣೆಯಲ್ಲಿ ಕೆಟಲ್ ಇರುವುದು ಬ್ರಿಟನ್ನಿನಲ್ಲಿ ರೂಢಿ, ಫ್ರಾನ್ಸ್, ಇಟಲಿ, ಸ್ಪೇನಿನಲ್ಲಿ ಇಲ್ಲದಿರುವುದೇ ಹೆಚ್ಚು. ಮೊದಲೇ ಕೇಳಿಕೊಳ್ಳಿ.

ಕರೆಂಟಿನ ವಿಷಯ ಸುಲಭ. ಅಲ್ಲೂ ನಮ್ಮ ಹಾಗೆ 230 ವೋಲ್ಟ್, ಹಾಗಾಗಿ ಕನ್ವರ್ಟರ್ ಬೇಡ. ತೊಂದರೆ ಪಿನ್ನಿನದು ಮಾತ್ರ. ಎರಡು ತೆಳು ಪಿನ್ನಿನ ಮೊಬೈಲ್ ಚಾರ್ಜರ್ ಯುರೋಪಿನ ಬಹುತೇಕ ಕಡೆ ನೇರವಾಗಿ ಹಿಡಿಯುತ್ತದೆ. ಸಾಕೆಟ್ ಗೋಡೆಯೊಳಗೆ ಗುಂಡಗೆ ತಗ್ಗಿನಲ್ಲಿರುವ ಕಡೆ ಮಾತ್ರ ಚಾರ್ಜರಿನ ದಪ್ಪ ಮೈ ತಾಗಿ ಒಳಗೆ ಹೋಗುವುದಿಲ್ಲ. ಲ್ಯಾಪ್‌ಟಾಪಿನ ದಪ್ಪ ಮೂರು ಪಿನ್ನಿಗೆ ಅಡಾಪ್ಟರ್ ಬೇಕೇ ಬೇಕು. ಬ್ರಿಟನ್, ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ಗಳಲ್ಲಿ ಚೌಕ ಪಿನ್ನಿನ ಬೇರೆಯೇ ಸಾಕೆಟ್. ನಾಲ್ಕು ಜನ ಹೊರಟರೆ ನಾಲ್ಕು ಅಡಾಪ್ಟರ್ ಬೇಡ, ಒಂದು ಅಡಾಪ್ಟರ್, ಒಂದು ಪುಟ್ಟ ಎಕ್ಸ್‌ಟೆನ್ಷನ್ ಬೋರ್ಡ್ ಸಾಕು.

ಬಚ್ಚಲಿನ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಬೇಕಾದ್ದು. ಕಮೋಡಿನ ಪಕ್ಕ ಪೈಪು ಇರುವುದಿಲ್ಲ. ಇಟಲಿ ಇದಕ್ಕೆ ಅಪವಾದ. ಅಲ್ಲಿ 1975ರಿಂದ ಮನೆಗಳಲ್ಲಿ ಬಿಡೆ, ಅಂದರೆ ತೊಳೆದುಕೊಳ್ಳಲು ನಲ್ಲಿ ಇರುವ ಪುಟ್ಟ ಬೇಸಿನ್, ಕಡ್ಡಾಯ, ಹೋಟೆಲುಗಳಲ್ಲೂ ಸಾಮಾನ್ಯ. ಉಳಿದ ಕಡೆಗೆ ಮಡಚುವ ಮಗ್ ಅಥವಾ ಹಿಂಡುವ ಬಾಟಲಿ ಒಯ್ಯಿರಿ, ತೂಕ ಏನೂ ಇಲ್ಲ. ಬೀದಿಯ ಶೌಚಾಲಯಗಳಿಗೆ ಅರ್ಧ, ಒಂದು ಯೂರೋ ಕೊಡಬೇಕಾದದ್ದು ಸಾಮಾನ್ಯ, ಜೇಬಿನಲ್ಲಿ ಚಿಲ್ಲರೆ ಇರಲಿ. ಕುಡಿಯುವ ನೀರಿಗೆ ಖಾಲಿ ಬಾಟಲಿ ಸಾಕು. ಹೆಚ್ಚಿನ ಊರುಗಳಲ್ಲಿ ನಲ್ಲಿ ನೀರು ಕುಡಿಯಬಹುದು. ವಿಯೆನ್ನಾದ ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಬುಗ್ಗೆ ನೀರು, ರೋಮ್‌ನ ಬೀದಿಗಳಲ್ಲಿ ನಾಸೋನಿ ಎಂಬ ನಲ್ಲಿಗಳು ದಿನವಿಡೀ ಹರಿಯುತ್ತಿರುತ್ತವೆ.

ಔಷಧಿ ಮಾತ್ರ ಉದಾರವಾಗಿ ಇಟ್ಟುಕೊಳ್ಳಿ. ನಮ್ಮಲ್ಲಿ ಮೂಲೆ ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೇಳಿ ತರುವಂಥದ್ದಕ್ಕೂ ಅಲ್ಲಿ ಚೀಟಿ ಬೇಕಾಗಬಹುದು. ಜರ್ಮನಿ, ಆಸ್ಟ್ರಿಯಾದಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಬಂದ್, ಔಷಧಿ ಅಂಗಡಿಯೂ ಪಾಳಿಯಲ್ಲಿ ಊರಿಗೆ ಕೆಲವೇ ತೆರೆದಿರುತ್ತವೆ. ಬಿಪಿ, ಶುಗರ್ ಮಾತ್ರೆಗಳು ಪ್ರವಾಸದ ದಿನಗಳಿಗಿಂತ ಎರಡು ದಿನಕ್ಕೆ ಹೆಚ್ಚಾಗುವಷ್ಟು, ಮೂಲ ಪ್ಯಾಕೆಟ್ಟಿನಲ್ಲೇ, ಡಾಕ್ಟರ ಚೀಟಿಯ ಜೊತೆ, ಕೈಚೀಲದಲ್ಲಿ. ಪಾಸ್‌ಪೋರ್ಟ್, ವೀಸಾ, ಇನ್ಶೂರೆನ್ಸ್ ಕಾಗದದ ನಕಲೂ ಅಲ್ಲೇ. ಚೆಕ್ ಇನ್ ಬ್ಯಾಗ್ ಒಂದು ದಿನ ತಡವಾಗಿ ಬಂದರೂ ನಡೆಯುವ ಹಾಗೆ ಒಂದು ಜೊತೆ ಒಳಉಡುಪು, ಥರ್ಮಲ್ ಕೂಡ ಕೈಚೀಲಕ್ಕೆ.

ಹದಿನೈದು ದಿನ ಮುಂಚಿನ ಹವಾಮಾನ ಮುನ್ಸೂಚನೆ ನಂಬಿ ಬಟ್ಟೆ ಬದಲಿಸಬೇಡಿ. ಹೊರಡುವ ಮೂರು ನಾಲ್ಕು ದಿನ ಮುಂಚೆ ಗಂಟೆವಾರು ನೋಡಿ. ಬೆಳಿಗ್ಗೆ 5 ಡಿಗ್ರಿಗಿಂತ ಕೆಳಗೆ ಇದ್ದರೆ ಥರ್ಮಲ್ ಬ್ಯಾಗಿನ ಒಳಗೆ. ಮಧ್ಯಾಹ್ನ 28 ದಾಟುವಂತಿದ್ದರೆ ಸ್ವೆಟರ್ ಹೊರಗೆ, ಬಿಸಿಲಿನ ಟೋಪಿ ಒಳಗೆ. ಗಾಳಿ ಗಂಟೆಗೆ 30 ಕಿ.ಮೀ. ದಾಟಿದರೆ ಕೊಡೆ ಹೊರಗೆ. ಆಮೇಲೆ ಬ್ಯಾಗ್ ಜಿಪ್ ಹಾಕಿ, ಲಿಫ್ಟ್ ಬಿಟ್ಟು ನಿಮ್ಮ ಅಪಾರ್ಟ್‌ಮೆಂಟಿನ ಮೂರು ಮಹಡಿ ಅದನ್ನು ಹೊತ್ತು ಹತ್ತಿ ನೋಡಿ. ಎರಡನೇ ಮಹಡಿಯಲ್ಲೇ ನಿಂತು ಏದುಸಿರು ಬಿಟ್ಟರೆ ಆ ಇನ್ನೊಂದು ಜೀನ್ಸ್ ತೆಗೆದಿಡಿ.